ತೊಗರಿಗೆ ಹತ್ತಿರದ ನೆಂಟ ಕಡಲೆಯೋ, ಹೆಸರೋ?

ಪ್ರಶ್ನೆ (ವಿಜ್ಞಾನ ಶಿಕ್ಷಕ, ಆಳಂದ):

ಒಂಬತ್ತನೆಯ ತರಗತಿಯ ವರ್ಗೀಕರಣದ ಪಾಠವನ್ನು ನಮ್ಮ ಹೊಲದ ಬೆಳೆಗಳಿಂದಲೇ ಹೇಳಿಕೊಡೋಣವೆಂದು ನಾಲ್ಕು ಕಾಳುಗಳನ್ನು ಕುಂಡಗಳಲ್ಲಿ ಬಿತ್ತಿಸಿದ್ದೆ. ಹೆಸರು ಮತ್ತು ಸೋಯಾ ಮೊಳೆತಾಗ ಎರಡೂ ಬೀಜದಳಗಳು ಮಣ್ಣನ್ನು ಸೀಳಿಕೊಂಡು ಮೇಲೆ ಬಂದವು. ತೊಗರಿ ಮತ್ತು ಕಡಲೆಯಲ್ಲಿ ಬೀಜದಳಗಳು ಮಣ್ಣಿನೊಳಗೇ ಉಳಿದು ಚಿಗುರು ಮಾತ್ರ ಹೊರಬಂದಿತು. ಹೀಗಾಗಿ ಮಕ್ಕಳು ತೊಗರಿ–ಕಡಲೆ ಒಂದು ಗುಂಪು, ಹೆಸರು–ಸೋಯಾ ಇನ್ನೊಂದು ಗುಂಪು ಎಂದು ಬರೆದರು. ಆದರೆ ನಾನು ನೋಡಿದ ವಂಶವೃಕ್ಷದಲ್ಲಿ ತೊಗರಿಯು ಹೆಸರು, ಸೋಯಾಗಳ ಕೊಂಬೆಯಲ್ಲಿದ್ದು, ಕಡಲೆ ಬೇರೆ ಕೊಂಬೆಯಲ್ಲಿದೆ. ಕಣ್ಣೆದುರಿನ ಲಕ್ಷಣವನ್ನು ಜೀವವಿಜ್ಞಾನಿಗಳು ಏಕೆ ಒಪ್ಪುವುದಿಲ್ಲ?

ಉತ್ತರ 1 (ಸಸ್ಯಶಾಸ್ತ್ರ ಉಪನ್ಯಾಸಕಿ, ಬೀದರ್):

ಸರ್, ಮಕ್ಕಳು ನೋಡಿದ್ದು ಸರಿಯಾಗಿಯೇ ಇದೆ. ಆ ಲಕ್ಷಣ ಮಾತ್ರ ನೆಂಟಸ್ತಿಕೆಗೆ ಸಾಕ್ಷಿಯಾಗುವಂಥದ್ದಲ್ಲ. ಹೆಸರಿನ ಕುಲಕ್ಕೇ ಸೇರಿದ ಅಜುಕಿ ಕಾಳಿನ ಬೀಜದಳಗಳು ಮಣ್ಣಿನೊಳಗೇ ಉಳಿಯುತ್ತವೆ, ಅಂದರೆ ಒಂದೇ ಕುಲದೊಳಗೂ ಈ ಗುಣ ಅತ್ತಿತ್ತ ಬದಲಾಗುತ್ತದೆ. ಜರ್ಮನಿಯ ಕೀಟವಿಜ್ಞಾನಿ ವಿಲ್ಲಿ ಹೆನ್ನಿಗ್ 1950ರಲ್ಲಿ ಪ್ರತಿಪಾದಿಸಿದ ನಿಯಮವೇ ಇಂದಿಗೂ ಆಧಾರ: ಪೂರ್ವಜರಿಂದ ಎಲ್ಲರಿಗೂ ಬಂದ ಹಳೆಯ ಗುಣದಿಂದ ಒಳಗುಂಪುಗಳನ್ನು ಗುರುತಿಸಲಾಗದು, ಒಂದು ಕವಲಿನ ಪೂರ್ವಜನಲ್ಲಿ ಹೊಸದಾಗಿ ಮೂಡಿ ಅದರ ಸಂತತಿಗೆಲ್ಲ ಹರಿದುಬಂದ ಗುಣವಷ್ಟೇ ಅವರನ್ನು ಒಂದುಗೂಡಿಸುತ್ತದೆ. ಕಾಯಿಯೊಳಗೆ ಕಾಳಿರುವುದು ಇಡೀ ದ್ವಿದಳ ಕುಟುಂಬದ ಗುಣವಾದ್ದರಿಂದ ನಿಮ್ಮ ಪ್ರಶ್ನೆಗೆ ಅದು ಉತ್ತರಿಸದು.

ಕಡಲೆಯನ್ನು ಬೇರ್ಪಡಿಸುವ ಗುಣ ಕ್ಲೋರೋಪ್ಲಾಸ್ಟಿನ (ಎಲೆಯ ಜೀವಕೋಶದಲ್ಲಿನ ಹಸಿರು ಕಣದ) ಒಳಗಿನ ಡಿಎನ್‌ಎಯಲ್ಲಿದೆ. ಹೆಚ್ಚಿನ ಸಸ್ಯಗಳಲ್ಲಿ ಸುಮಾರು 25,000 ಅಕ್ಷರಗಳ (ಅಂದರೆ ಡಿಎನ್‌ಎಯ ರಾಸಾಯನಿಕ ಘಟಕಗಳ) ಒಂದು ಭಾಗ ಎರಡು ಸಲ, ಒಂದಕ್ಕೊಂದು ತಲೆಕೆಳಗಾಗಿ ಇರುತ್ತದೆ. ಕಡಲೆ, ಬಟಾಣಿ, ಮಸೂರ, ಮೆಂತ್ಯಗಳಲ್ಲಿ ಅದರ ಒಂದು ಪ್ರತಿ ಕಳೆದುಹೋಗಿದೆ. ತೊಗರಿ, ಹೆಸರು, ಸೋಯಾಗಳಲ್ಲಿ ಎರಡೂ ಉಳಿದಿವೆ. ಮೆಂತ್ಯದ ಮೂರೆಲೆಯನ್ನು ನೋಡಿ ಅದನ್ನು ತೊಗರಿಯ ಪಕ್ಕದಲ್ಲಿಡುವವರಿಗೆ ಇದು ಸೋಜಿಗವೆನಿಸಬಹುದು.

ಉತ್ತರ 2 (ಕೃಷಿ ಪದವೀಧರ, ಯಾದಗಿರಿ):

ಮೇಡಂ, ನನ್ನದೊಂದು ಆಕ್ಷೇಪವಿದೆ. ಕಳೆದುಕೊಳ್ಳುವುದು ಪಡೆಯುವುದಕ್ಕಿಂತ ಸುಲಭ. ಅದೇ ಪ್ರತಿಯು ಬೇರೆ ಸಸ್ಯಗಳಲ್ಲೂ ಪ್ರತ್ಯೇಕವಾಗಿ ಕಳೆದುಹೋದ ಉದಾಹರಣೆಗಳಿವೆ. ಇದೊಂದನ್ನೇ ನಂಬುವುದು ಹೇಗೆ? ಅಲ್ಲದೆ ತೊಗರಿಯಲ್ಲಿ ಎರಡೂ ಪ್ರತಿಗಳು ಉಳಿದಿರುವುದು ಹಳೆಯ ಗುಣವಷ್ಟೇ. ನೀವೇ ಹೇಳಿದ ನಿಯಮದಂತೆ ಅದು ತೊಗರಿಯನ್ನು ಹೆಸರಿನೊಂದಿಗೆ ಸೇರಿಸುವುದಿಲ್ಲ. ವರ್ಣತಂತುಗಳ ಎಣಿಕೆಯೂ ಮೋಸ ಮಾಡುತ್ತದೆ: ಸೋಯಾದಲ್ಲೂ ಶೇಂಗಾದಲ್ಲೂ 40 ವರ್ಣತಂತುಗಳಿದ್ದರೂ ಶೇಂಗಾ ಸೋಯಾಕ್ಕಿಂತ ಬೀಟೆ, ಹೊನ್ನೆ ಮರಗಳಿಗೇ ಹತ್ತಿರ.

ಉತ್ತರ 3 (ಅದೇ ಉಪನ್ಯಾಸಕಿ):

ಆಕ್ಷೇಪ ನ್ಯಾಯವಾದದ್ದು, ಆದ್ದರಿಂದಲೇ ಒಂದು ಗುಣಕ್ಕೆ ಯಾರೂ ನಿಲ್ಲುವುದಿಲ್ಲ. ಅನೇಕ ಸಸ್ಯಗಳ ಒಂದೇ ಜೀನಿನ ಅಕ್ಷರಗಳನ್ನು ಸಾಲಾಗಿ ಜೋಡಿಸಿ, ಬದಲಾವಣೆಗಳನ್ನು ಯಾವ ಕವಲು ಉತ್ತಮವಾಗಿ ವಿವರಿಸುತ್ತದೆ ಎಂದು ಲೆಕ್ಕಹಾಕುತ್ತಾರೆ. ಯಾವ ಅಕ್ಷರ ಹಳೆಯದು, ಯಾವುದು ಹೊಸದು ಎಂದು ತಿಳಿಯಲು ದೂರದ ಸಂಬಂಧಿಯೊಂದನ್ನು ಹೊರಗುಂಪಾಗಿ ಇಡಬೇಕು. ನಮ್ಮ ಕಾಳುಗಳಿಗೆ ಹುಣಸೆ ಆ ಕೆಲಸಕ್ಕೆ ಒದಗುತ್ತದೆ. ಬೇರೆ ಬೇರೆ ಜೀನುಗಳು ಅದೇ ಕವಲನ್ನು ತೋರಿದರೆ ಮಾತ್ರ ನಂಬಿಕೆ ಗಟ್ಟಿಯಾಗುತ್ತದೆ, ಮತ್ತು ತೊಗರಿ–ಹೆಸರು–ಸೋಯಾಗಳ ಕವಲು ಹಾಗೆಯೇ ನಿಂತಿದೆ. ದ್ವಿದಳ ಕುಟುಂಬವನ್ನು 2017ರಲ್ಲಿ ಆರು ಉಪಕುಟುಂಬಗಳಾಗಿ ಮರುವಿಂಗಡಿಸಿದ್ದು ಮುಖ್ಯವಾಗಿ ಮ್ಯಾಟ್‌ಕೆ ಎಂಬ ಕ್ಲೋರೋಪ್ಲಾಸ್ಟ್ ಜೀನನ್ನು ಆಧರಿಸಿ.

ಉತ್ತರ 4 (ಕೃಷಿ ಪದವೀಧರ, ಯಾದಗಿರಿ):

ಒಪ್ಪಿದೆ. ಇದು ಬರಿಯ ಹೆಸರಿಡುವ ಕೆಲಸವಲ್ಲ ಎಂಬುದಕ್ಕೆ ತೊಗರಿಯೇ ಉದಾಹರಣೆ. ಅದರ ಕಾಡುನೆಂಟರ ಬೀಜದ ಹೊಕ್ಕುಳಿನ ಬಳಿ ಎದ್ದು ಕಾಣುವ ಸಣ್ಣ ಗಂಟೊಂದಿರುತ್ತದೆ. ಮುಖ್ಯವಾಗಿ ಅಷ್ಟಕ್ಕೇ ಅವುಗಳನ್ನು ಅಟೈಲೋಸಿಯ ಎಂಬ ಬೇರೆ ಕುಲದಲ್ಲಿ ಇಟ್ಟಿದ್ದರು. ಆದರೆ ಅವುಗಳಲ್ಲಿ ಕೆಲವು ತೊಗರಿಯೊಂದಿಗೆ ಸಂಕರವಾಗಿ ಫಲ ಕೊಡುತ್ತಿದ್ದವು. 1986ರಲ್ಲಿ ಸಸ್ಯವಿಜ್ಞಾನಿ ವಾನ್ ಡರ್ ಮೇಸನ್ ಆ ಕುಲವನ್ನು ತೊಗರಿಯ ಕಜಾನಸ್ ಕುಲಕ್ಕೇ ಸೇರಿಸಿದರು. ಹಾಗೆ ಸೇರಿದ ಕಜಾನಸ್ ಕಜಾನಿಫೋಲಿಯಸ್ ಎಂಬ ಕಾಡುತೊಗರಿಯ ಕೋಶದ್ರವ್ಯದಿಂದ (ಜೀವಕೋಶದಲ್ಲಿ ಕೋಶಕೇಂದ್ರದ ಹೊರಗಿನ ಭಾಗದಿಂದ) ಗಂಡುಬಂಜೆ, ಅಂದರೆ ಫಲಕಟ್ಟಿಸುವ ಪರಾಗವಿಲ್ಲದ, ತಾಯಿಸಾಲನ್ನು ರೂಪಿಸಿಯೇ ಪಟಾಂಚೆರುವಿನ ಅಂತಾರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ಐಸಿಪಿಎಚ್ 2671 ಎಂಬ ಹೈಬ್ರಿಡ್ ತೊಗರಿಯನ್ನು ಬೆಳೆಸಿತು. ಮೊಳಕೆಯಲ್ಲಿ ಎಷ್ಟೇ ಹೋಲಿಕೆಯಿದ್ದರೂ ಕಡಲೆಯೊಂದಿಗೆ ಅಂಥ ಸಂಕರಕ್ಕೆ ಯಾವ ತಳಿವಿಜ್ಞಾನಿಯೂ ಕೈಹಾಕುವುದಿಲ್ಲ.