ಒಂಬತ್ತರ ಮೇಲೆ ಬಸ್ ಇಲ್ಲ: ಲೇಔಟ್ ನಿವಾಸಿಗಳ ಗುಂಪು, ಬಳ್ಳಾರಿ

ಮಂಜುನಾಥ, 3ನೇ ಕ್ರಾಸ್: ನಿನ್ನೆ ರಾತ್ರಿ ಹತ್ತಕ್ಕೆ ರೈಲ್ವೆ ಸ್ಟೇಷನ್ ಮುಂದೆ ಒಂದೇ ಒಂದು ಸಿಟಿ ಬಸ್ ಇಲ್ಲ. ಲೇಔಟ್ ಹೆಸರು ಹೇಳಿದ್ರೆ ಆಟೋದವ್ರು 250 ಅಂತಾರೆ, ವಾಪಸ್ ಖಾಲಿ ಬರಬೇಕಂತೆ. 2011ರ ಜನಗಣತಿಯಾಗೇ 4 ಲಕ್ಷ ದಾಟಿದ ಊರ್ರೀ ಇದು! ನಾಳೆ ರಸ್ತೆ ಬಂದ್ ಮಾಡಾಣ.

ಗೋವಿಂದಪ್ಪ: ನಾನು ಮೊದ್ಲೇ ಹೇಳಿದ್ದೆ. ಎಲ್ಲಾ ಫ್ರೀ ಟಿಕೆಟ್ ಹಣೇಬರಹ.

ಶೈಲಜಾ ಟೀಚರ್: ಅಣ್ಣಾ, ಶಕ್ತಿ ಯೋಜನೆ ಬಂದಿದ್ದು 2023ರ ಜೂನ್‌ನಾಗೆ. ಅದಕ್ಕೂ ಮುಂಚೆ ರಾತ್ರಿ ಬಸ್ ನಿಮ್ಮನಿ ಬಾಗ್ಲಿಗೆ ಬರ್ತಿತ್ತಾ?

ವಿರೂಪಾಕ್ಷಿ: 😂😂

ಸುಬ್ಬರಾವ್ ಸಾರ್: ಬಂದ್ ಬೇಡ, ಲೆಕ್ಕ ಇಟ್ಕೊಂಡು ಹೋಗ್ರಿ. ಸ್ಟೇಷನ್, ರಾಯಲ್ ಸರ್ಕಲ್, ಮೋತಿ ಸರ್ಕಲ್, ನಮ್ಮ ಲೇಔಟ್ ಕಮಾನು: 7 ಕಿ.ಮೀ. ಅಂತ ಹಿಡೀರಿ. ಸ್ಟಾಪ್ ಸೇರಿ ತಾಸಿಗೆ 12 ಕಿ.ಮೀ. ಓಡಿದ್ರೆ 35 ನಿಮಿಷ. ಹೋಗಿ ಬಂದು 70, ಎರಡೂ ಕಡೆ ಐದೈದು ನಿಮಿಷ ನಿಂತ್ರೆ 80. 20 ನಿಮಿಷಕ್ಕೊಂದು ಬೇಕಂದ್ರೆ 4 ಬಸ್, ಸ್ಪೇರ್ ಒಂದು. ರೈಲ್ವೆ ಗೇಟ್ ಬಿದ್ದು 10 ನಿಮಿಷ ಹೋದ್ರೆ ಆ ಐದು ನಿಮಿಷ ಸಾಲಲ್ಲ, ಬಸ್ ಜೋಡಿಯಾಗಿ ಬರ್ತಾವೆ: ಮುಂದಿಂದು ತುಂಬಿ, ಹಿಂದಿಂದು ಖಾಲಿ. ಇನ್ನು ರಾತ್ರಿದು. ಕಾರ್ಮಿಕ ಕಾನೂನಿನ ಪ್ರಕಾರ ದಿನಕ್ಕೆ 8 ತಾಸು ಡ್ಯೂಟಿ. ಬೆಳಗಿನ ಡ್ರೈವರನ್ನೇ ರಾತ್ರಿ ಹನ್ನೊಂದಕ್ಕೆ ಓಡಿಸಾಕೆ ಬರಂಗಿಲ್ಲ. ಅದಕ್ಕೇ ನೈಟ್ ಹಾಲ್ಟ್ ಶೆಡ್ಯೂಲ್ ಕೇಳ್ರಿ: ಮಧ್ಯಾಹ್ನ ಡ್ಯೂಟಿಗೆ ಹತ್ತಿದವ್ರು ಕೊನೇ ಟ್ರಿಪ್ ಇಲ್ಲಿಗೆ ತಂದು ಮಲಗ್ತಾರೆ, ಬೆಳಗ್ಗೆ ಆರಕ್ಕೆ ಅದೇ ಮೊದಲ ಬಸ್. ಡಿಪೋಗೆ ಖಾಲಿ ಓಡೋ ಕಿಲೋಮೀಟರ್ ಉಳೀತಾವೆ. ಒಂದು ರೂಮು, ಶೌಚಾಲಯ ನಾವು ಕೊಡಬೇಕು. ಅರ್ಜಿ ಸಾರಿಗೆ ಸಂಸ್ಥೆಯ ವಿಭಾಗೀಯ ಸಂಚಾರ ಅಧಿಕಾರಿಗೆ.

ಗೋವಿಂದಪ್ಪ: ಅದೆಲ್ಲ ಯಾಕ್ರಿ ಸಾರ್, ಮೆಟ್ರೋನೇ ಕೇಳಾಣ.

ಶ್ವೇತಾ, 1ನೇ ಮೇನ್: ಅಂಕಲ್, 2017ರ ಮೆಟ್ರೋ ನೀತಿ ಪ್ರಕಾರ ಮೊದಲು ಸಮಗ್ರ ಸಂಚಾರ ಯೋಜನೆ ಬೇಕು. ಆಮೇಲೆ ಬಸ್ಸು, ಬಸ್ ಪಥ, ಲಘು ರೈಲು ಎಲ್ಲ ತೂಗಿ ನೋಡಿ, ಬೇರೆ ಯಾವುದೂ ಸಾಲದು ಅಂತ ತೋರಿಸಬೇಕು. ಆ ಯೋಜನೆ 20 ವರ್ಷದ್ದು: ಮನೆಮನೆ ಸಮೀಕ್ಷೆ ಮಾಡಿ ಯಾರು ಎಲ್ಲಿಂದ ಎಲ್ಲಿಗೆ, ಎಷ್ಟೊತ್ತಿಗೆ ಹೋಗ್ತಾರೆ ಅಂತ ಬರ್ಕೋತಾರೆ. ಅದರೊಳಗಿನ ರಸ್ತೆ ಮಾಸ್ಟರ್ ಪ್ಲಾನ್‌ಗೆ ಹತ್ತಲಿಲ್ಲ ಅಂದ್ರೆ ಆ ಜಾಗದಲ್ಲಿ ಮನೆ ಏಳ್ತಾವೆ. ಮಾಸ್ಟರ್ ಪ್ಲಾನ್ ಕರಡು ಬಂದಾಗ ಅಭಿಪ್ರಾಯ ಹೇಳೋಕೆ 60 ದಿನ ಇರುತ್ತೆ. ಆವಾಗ ಯಾರೂ ಹೋಗಲ್ಲ, ಆಮೇಲೆ ಬಂದ್ ಅಂತೀವಿ. ಸದ್ಯಕ್ಕೆ ವಾರವಿಡೀ ರಾತ್ರಿ 8.30ರಿಂದ 11ರವರೆಗೆ ಕಮಾನಿನ ಹತ್ರ ಬಂದು ಹೋಗೋರನ್ನ 15 ನಿಮಿಷಕ್ಕೊಂದು ಸಾಲಿನಂತೆ ಬರೆದು ಎಣಿಸೋಣ, ಆಟೋ ಬೇರೆ, ಬೈಕ್ ಬೇರೆ. ಇಬ್ಬಿಬ್ಬರು ಸಾಕು.



ಶೈಲಜಾ ಟೀಚರ್: ಬಸ್ ತಿರುಗೋದೆಲ್ಲಿ? ನಮ್ದು 30 ಅಡಿ ರಸ್ತೆ.

ಸುಬ್ಬರಾವ್ ಸಾರ್: 12 ಮೀಟರ್ ಬಸ್ ಒಂದೇ ಸಲಕ್ಕೆ ತಿರುಗಾಕೆ ಸುಮಾರು 25 ಮೀಟರ್ ಬಯಲು ಬೇಕಮ್ಮ. ಸಿಎ ಸೈಟ್ (ಲೇಔಟ್‌ನಾಗೆ ಸಾರ್ವಜನಿಕ ಸೌಲಭ್ಯಕ್ಕೆ ಬಿಟ್ಟ ಜಾಗ) ಐತಲ್ಲ, ರೂಮೂ ಅಲ್ಲೇ ಆಗುತ್ತೆ.

ಮಂಜುನಾಥ: ಸಿಎ ಸೈಟ್‌ನಾಗೆ ಸಿಮೆಂಟ್ ಶೆಡ್ ಹಾಕಿರೋ ಪುಣ್ಯಾತ್ಮರು ಯಾರಪ್ಪಾ?

ವಿರೂಪಾಕ್ಷಿ: ಗೋವಿಂದಪ್ಪಣ್ಣನ ಭಾಮೈದಂದು 🤐

ಗೋವಿಂದಪ್ಪ: ಅದು ಟೆಂಪ್ರವರಿ! ಮಂಜುನಾಥ, ನಿನ್ ಮನಿ ರ‍್ಯಾಂಪ್ ಮೂರಡಿ ರಸ್ತೆಗೆ ಬಂದೈತಲ್ಲ, ಮೊದ್ಲು ಅದನ್ನ ಒಡಿ.

ಮಂಜುನಾಥ: ಎರಡೂ ಅಳೀರಿ, ನಾನು ಟೇಪ್ ತರ್ತೀನಿ.

ಶ್ವೇತಾ: ಎಣಿಕೆಗೆ ಯಾರ‍್ಯಾರು ಬರ್ತೀರಿ? ಭಾನುವಾರದಿಂದ ಶುರು ಮಾಡೋಣ.

ಶೈಲಜಾ ಟೀಚರ್: ಭಾನುವಾರ ರಾತ್ರಿ ನೀರು ಬಿಡ್ತಾರಂತೆ ಕಣಮ್ಮ, ವಾಲ್ವ್‌ಮ್ಯಾನ್ ಹೇಳಿದ.

ಗೋವಿಂದಪ್ಪ: ಹೌದಾ? ಲೈನಿಗೆ ನೇರ ಮೋಟರ್ ಹಚ್ಚೋರ ಹೆಸರು ಗ್ರೂಪ್‌ನಾಗೆ ಹಾಕ್ರಿ. ಕೊನೇ ಮನೆಗಳಿಗೆ ಹನಿ ಬರಲ್ಲ.

ವಿರೂಪಾಕ್ಷಿ: 2ನೇ ಕ್ರಾಸ್‌ನಾಗೇ ನಾಲ್ಕು ಮನೆ ಐತೆ. ಫೋಟೋ ತೆಗೀತೀನಿ.

ಮಂಜುನಾಥ: ತೆಗಿ ತೆಗಿ. ಎಷ್ಟೊತ್ತಿಗೆ ಬಿಡ್ತಾರಂತೆ?