ಬೇಸ್ ಮಾಡೆಲ್‌ಗೆ ಸೆಂಟ್ರಲ್ ಲಾಕ್, ಅಲಾರಂ: ಹಾಕಿಸಿದವರು ಅನುಭವ ಹೇಳಿ

ನಾಬ್ ಒತ್ತುವವ (ಮೈಸೂರು)

ಗಾಡಿ 2012ರ ಬೇಸ್ ಮಾಡೆಲ್ ಹ್ಯಾಚ್‌ಬ್ಯಾಕ್, ಸೆಕೆಂಡ್ ಹ್ಯಾಂಡ್. ಸೆಂಟ್ರಲ್ ಲಾಕ್ ಇಲ್ಲ, ನಾಲ್ಕು ಬಾಗಿಲಿಗೂ ಕೈಯಲ್ಲೇ ನಾಬ್ ಒತ್ತಬೇಕು. ಇಲ್ಲೊಂದು ಅಂಗಡಿಯಲ್ಲಿ ಸೆಂಟ್ರಲ್ ಲಾಕ್, ಸೈರನ್, ಎರಡು ರಿಮೋಟ್, ಫಿಟ್ಟಿಂಗ್ ಎಲ್ಲ ಸೇರಿ 4,200 ಅಂದರು. ಗಾಡಿ ರಸ್ತೆ ಬದಿಯಲ್ಲೇ ನಿಲ್ಲುತ್ತೆ, ತೆಗೆಯೋದು ವಾರಕ್ಕೊಂದು ಸಲ. ಬ್ಯಾಟರಿ 35 ಆಂಪಿಯರ್-ಅವರ್‌ದು. ಹಾಕಿಸಬಹುದಾ? ಬ್ಯಾಟರಿ ಇಳಿಯುತ್ತಾ? ಹಾಕಿಸಿದವರು ದಯವಿಟ್ಟು ತಿಳಿಸಿ.

ಫ್ಯೂಸ್ ಹದಿನೈದು (ಬೆಂಗಳೂರು)

ಲೆಕ್ಕ ಮೊದಲು ಹೇಳ್ತೀನಿ. ಕಿಟ್ 1,850. ಫಿಟ್ಟಿಂಗ್ 900. ಎಂಟು ತಿಂಗಳಿಗೆ ಹೊಸ ಬ್ಯಾಟರಿ 3,600. ಅದೇ ವೈರಿಂಗ್ ಬಿಚ್ಚಿ ಮತ್ತೆ ಮಾಡಿಸಿದ್ದು 1,400. ಒಟ್ಟು 7,750. ಕಿಟ್‌ನಲ್ಲಿ ಯಾವ ದೋಷವೂ ಇರಲಿಲ್ಲ, ತಪ್ಪಾಗಿದ್ದು ಒಂದೇ ಒಂದು ವೈರು.

ಸ್ಟಾರ್ಟರ್ ಕಟ್ ರಿಲೇ ಇರುತ್ತಲ್ಲ, ಲಾಕ್ ಆದಾಗ ಗಾಡಿ ಸ್ಟಾರ್ಟ್ ಆಗದ ಹಾಗೆ ತಡೆಯೋ ಐದು ಕಾಲಿನ ಸ್ವಿಚ್ಚು, ಅದರ 30 ಮತ್ತು 87ಎ ಕಾಲುಗಳು ಸ್ಟಾರ್ಟರ್ ವೈರಿನ ಮಧ್ಯೆ ಕೂರಬೇಕು. 85ನೇ ಕಾಲು ಅಲಾರಂ ಬಾಕ್ಸ್‌ಗೆ, ಲಾಕ್ ಆದಾಗ ಬಾಕ್ಸ್ ಅದನ್ನ ಅರ್ಥ್ (ನೆಗೆಟಿವ್) ಮಾಡುತ್ತೆ. 86 ಕಡ್ಡಾಯವಾಗಿ ಇಗ್ನಿಷನ್ ಆನ್ ಆದಾಗ ಮಾತ್ರ ಕರೆಂಟ್ ಬರೋ ವೈರಿಗೆ. ಅಂಗಡಿಯ ಹುಡುಗ 86ನ್ನ ನೇರ ಬ್ಯಾಟರಿ ವೈರಿಗೆ ಕೊಟ್ಟಿದ್ದ. ಅಂದ್ರೆ ಗಾಡಿ ಲಾಕ್ ಆಗಿರೋ ಅಷ್ಟು ಹೊತ್ತೂ ರಿಲೇ ಕಾಯಿಲ್ ಎಳೀತಾನೇ ಇರುತ್ತೆ. ಕಾಯಿಲ್ 85 ಓಮ್ ಚಿಲ್ಲರೆ, 12 ವೋಲ್ಟ್‌ಗೆ ಸುಮಾರು 140 ಮಿಲಿಆಂಪ್. ಒಟ್ಟು ಎಳೆತ 185 ಬಂತು. ದಿನಕ್ಕೆ 4.4 ಆಂಪಿಯರ್-ಅವರ್, ವಾರಕ್ಕೆ 31. ನಿಮ್ಮ 35ರ ಬ್ಯಾಟರಿಯಲ್ಲಿ ಆಮೇಲೆ ಏನು ಉಳಿಯುತ್ತೆ ನೀವೇ ಹೇಳಿ. ವೈರು ಬದಲಿಸಿದ ಮೇಲೆ 45ಕ್ಕೆ ಇಳಿತು.

ಅಳೆಯೋದು ಹೇಗೆ ಅಂದ್ರೆ, ಬಾನೆಟ್ ತೆಗೆದಿಟ್ಟು, ಬಾಗಿಲು ಮುಚ್ಚಿ ಲಾಕ್ ಮಾಡಿ, ಬ್ಯಾಟರಿ ನೆಗೆಟಿವ್ ಕೇಬಲ್ಲಿಗೂ ಟರ್ಮಿನಲ್ಲಿಗೂ ನಡುವೆ ಮೀಟರ್, 10 ಆಂಪ್ ರೇಂಜಲ್ಲಿ. ಅರ್ಧ ಗಂಟೆ ಮುಟ್ಟಬೇಡಿ. ಮೊದಲ ಹತ್ತು ನಿಮಿಷದ ಅಂಕಿ ನೋಡಿ ಗಾಬರಿ ಬೀಳೋರೇ ಜಾಸ್ತಿ. ಮೀಟರ್ ಇರುವಾಗ ಅಪ್ಪಿತಪ್ಪಿ ಸ್ಟಾರ್ಟ್ ಮಾಡಿದ್ರೆ ಒಳಗಿನ ಫ್ಯೂಸ್ ಹೋಯ್ತು ಅಂತಲೇ. 50 ಮಿಲಿಆಂಪ್ ಒಳಗಿದ್ರೆ ಸುಮ್ಮನಿರಿ. ಮೇಲಿದ್ರೆ ಫ್ಯೂಸ್ ಒಂದೊಂದೇ ಕೀಳಿ, ಯಾವುದಕ್ಕೆ ಇಳಿಯುತ್ತೋ ಕಳ್ಳ ಅಲ್ಲೇ.

ಕಡಲ ಗಾಳಿ (ಉಡುಪಿ)

ಮಾರಾಯ್ರೇ, ಲಾಕ್ ಹಾಕಿಸಿ, ಅಲಾರಂ ಮಾತ್ರ ಬೇಡ. ಇಲ್ಲಿ ಎರಡು ಮಳೆಗಾಲ ಅದರ ಬೊಬ್ಬೆ ಕೇಳಿ ಸಾಕಾಗಿದೆ.

ಮೊದಲ ವರ್ಷ ಬಾನೆಟ್ ಕೆಳಗಿನ ಪಿನ್ ಸ್ವಿಚ್, ಬಾನೆಟ್ ಎತ್ತಿದರೆ ಅಲಾರಂ ಕೂಗಿಸುವಂಥದ್ದು. ಒತ್ತಿದಾಗ ಸಂಪರ್ಕ ಬಿಡಬೇಕು, ಎದ್ದಾಗ ಗಾಡಿಯ ಲೋಹಕ್ಕೆ ತಾಗಬೇಕು, ಅದರ ಕೆಲಸ ಇಷ್ಟೇ. ಉಪ್ಪು ಗಾಳಿಗೆ ತುಕ್ಕು ಹಿಡಿದು, ಒಳಗೆ ನೀರು ನಿಂತು, ಒತ್ತಿದ್ದರೂ ಅರ್ಧಂಬರ್ಧ ಅರ್ಥ್ ಆಗುತ್ತಾ ಇತ್ತು. ರಾತ್ರಿ ಎರಡಕ್ಕೆ ಸೈರನ್. ಸ್ವಿಚ್ 60 ರೂಪಾಯಿ, ಎರಡು ಸಲ ಬದಲಿಸಿದ್ದಾಯ್ತು. ಮೂರನೆಯದಕ್ಕೆ ರಬ್ಬರ್ ಟೊಪ್ಪಿ ಹಾಕಿ, ಬುಡಕ್ಕೆ ಗ್ರೀಸ್ ಮೆತ್ತಿ, ಫೆಂಡರಿನ ನೀರು ಹರಿಯುವ ತೋಡಿನಿಂದ ಎತ್ತರದ ಜಾಗಕ್ಕೆ ಸರಿಸಿದ ಮೇಲೆ ಸರಿಯಾಯಿತು. ಅಷ್ಟರಲ್ಲಿ ಎರಡನೇ ವರ್ಷ ಬಂತು, ಏಟು, ನಡುಕ ಗುರುತಿಸುವ ಶಾಕ್ ಸೆನ್ಸರ್ ಶುರು. ಅದು ಸ್ಟೀರಿಂಗ್ ಕೆಳಗೆ ಪ್ಲಾಸ್ಟಿಕ್ ಪ್ಯಾನಲ್ಲಿಗೆ ಅಂಟಿಸಿದ್ದು. ಪ್ಲಾಸ್ಟಿಕ್ ಅಂದರೆ ಡೋಲು ಇದ್ದ ಹಾಗೆ, ಗುಡುಗಿಗೂ ನಡುಗುತ್ತದೆ, ಮರಳು ಲಾರಿ ಹೋದರೂ ನಡುಗುತ್ತದೆ. ಗಟ್ಟಿ ಲೋಹದ ಬ್ರಾಕೆಟ್ಟಿಗೆ ಕೇಬಲ್ ಟೈ ಹಾಕಿ ಬಿಗಿದು, ಸಣ್ಣ ಸ್ಕ್ರೂಡ್ರೈವರಿನಲ್ಲಿ ತಿರುಪು ಪೂರ್ತಿ ಎಡಕ್ಕೆ ತಿರುಗಿಸಿ, ಅಲ್ಲಿಂದ ಸ್ವಲ್ಪ ಸ್ವಲ್ಪ ಏರಿಸಬೇಕು. ಅಂಗೈಯಿಂದ ಗಾಡಿಯ ಬಾಗಿಲುಗಳ ನಡುವಿನ ಕಂಬಕ್ಕೆ ಹೊಡೆದರೆ ಎಚ್ಚರಿಕೆ ಕೀಚ್ ಅನ್ನಬೇಕು, ಮುಷ್ಟಿಯಿಂದ ಗುದ್ದಿದರೆ ಪೂರ್ತಿ ಕೂಗಬೇಕು. ಪರೀಕ್ಷೆಯನ್ನು ಗಾಜಿನ ಮೇಲೆ ಮಾಡಬೇಡಿ.

ನೆರೆಮನೆಯವರು ಮಾತು ಬಿಟ್ಟ ಲೆಕ್ಕ ಇದರಲ್ಲಿ ಸೇರಿಲ್ಲ.

ಹುಬ್ಳಿ ವೈರಿಂಗ್

ಬ್ಯಾಟರಿ, ಸೈರನ್ ಬಗ್ಗೆ ಎಲ್ಲಾರೂ ಹೇಳ್ತಾರ್ರಿ, ಬಾಗಲದ ಬಗ್ಗೆ ಒಬ್ಬರೂ ಹೇಳಂಗಿಲ್ಲ. ವಾಪಸ್ ಬರೋ ಗಾಡಿ ಹತ್ತರಾಗ ಎಂಟು ಬಾಗಲದ ಕೆಲಸಕ್ಕ ಬರ್ತಾವ.

ಡ್ರೈವರ್ ಬಾಗಲಕ್ಕ ಐದು ವೈರಿನ ಆಕ್ಚುಯೇಟರ್ (ಲಾಕ್ ಎಳಿಯೋ ಮೋಟರ್), ಉಳಿದ ಮೂರಕ್ಕ ಎರಡು ವೈರಿಂದು. ಎರಡು ವೈರು ಮೋಟರಿಗೆ, ಉಳಿದ ಮೂರು ಒಳಗಿನ ಸ್ವಿಚ್ಚಿಗೆ. ಬಾಕ್ಸ್ ಅರ್ಧ ಸೆಕೆಂಡ್ ಸುಮಾರು 12 ವೋಲ್ಟ್ ಕೊಟ್ಟು ಬಿಡ್ತೈತಿ, ಉಲ್ಟಾ ಕೊಟ್ಟರ ತಗೀತೈತಿ. ಒಂದು ಬಾಗಲಕ್ಕ ಮೋಟರಿನ ನೀಲಿ-ಹಸಿರು ವೈರು ತಿರುವಿ ಹಾಕಿದ್ರಿ ಅಂದ್ರ ಮೂರು ಮುಚ್ಚೂವಾಗ ಅದೊಂದು ತಗೀತೈತಿ. ಇದು ಸಣ್ಣ ತಪ್ಪು, ಕೂಡ್ಲೇ ಕಾಣ್ತೈತಿ.

ಕಾಣದ ತಪ್ಪು ಬ್ಯಾರೆ. ಆಕ್ಚುಯೇಟರ್ ಸರಳು ಬಾಗಲದ ಲಾಕ್ ಸರಳಿನ ನೇರಕ್ಕ ಇರಬೇಕು. ಓರೆ ಆದ್ರ ಪ್ಲಾಸ್ಟಿಕ್ ಹಲ್ಲಿನ ಮ್ಯಾಲೆ ಭಾರ ಬಿದ್ದು ಆರು ತಿಂಗಳಿಗೆ ಸವೀತೈತಿ. ನಾಬ್ ನಡು ನಿಲ್ಲಿಸಿ, ಆಕ್ಚುಯೇಟರ್ ಸರಳನೂ ಅದರ ಓಟದ ನಡು ಹಿಡಿದು, ಆಮ್ಯಾಲೆ ಕ್ಲಾಂಪಿನ ಸ್ಕ್ರೂ ಬಿಗೀರಿ. ಅದರ ಓಟ 18-20 ಮಿಲಿಮೀಟರ್ ಇರ್ತೈತಿ. ಒಂದು ಕಡೆ ಜಾಸ್ತಿ ಒಂದು ಕಡೆ ಕಮ್ಮಿ ಆತಂದ್ರ ನಾಬ್ ಪೂರ್ತಿ ಕೂಡಂಗಿಲ್ಲ. ಡ್ರೈವರ್ ಬಾಗಲದಾಗ ಹಂಗಾತಂದ್ರ ಒಳಗಿನ ಸ್ವಿಚ್ಚು "ಇನ್ನೂ ತಗದೈತಿ" ಅಂತ ಹೇಳ್ತೈತಿ, ಬಾಕ್ಸ್ ನಾಲ್ಕೂ ಬಾಗಲ ವಾಪಸ್ ತಗೀತೈತಿ. ಟಕ್ ಅಂತ ಮುಚ್ಚಿ ಟಕ್ ಅಂತ ತಗೀತಾವಲ್ಲ, ಅದಕ್ಕ ಮಂದಿ ಬಾಕ್ಸ್ ಬದಲಿ ಮಾಡ್ತಾರ. ಬಾಕ್ಸ್‌ದು ಏನೂ ತಪ್ಪಿರಂಗಿಲ್ರಿ.

ಡ್ರಿಲ್ ಹಿಡಿಯೋಕಿಂತ ಮೊದಲ ಗ್ಲಾಸ್ ಪೂರ್ತಿ ಇಳಿಸಿ ಅದು ಎಲ್ಲಿ ಓಡಾಡ್ತೈತಿ ನೋಡ್ರಿ. ವೈರು ಕೆಳಮುಖ ಬರಬೇಕು, ನೀರು ಅದರ ಗುಂಟ ಇಳಿದು ಕನೆಕ್ಟರ್ ಹೊಕ್ಕಬಾರದು. ಬಾಗಲದ ಒಳಗಿನ ಪ್ಲಾಸ್ಟಿಕ್ ಹಾಳಿ ಹರದು ಬಿಸಾಕಿದ್ರ ಮಳೆ ನೀರು ಸೀದಾ ಕಾಲಾಗಿನ ಮ್ಯಾಟಿಗೆ.

ಇನ್ನು ರಬ್ಬರ್ ಗ್ರಾಮೆಟ್, ಬಾಗಲಕ್ಕೂ ಕಂಬಕ್ಕೂ ನಡುವಿಂದು. ಅದರಾಗಿಂದ ವೈರು ತರಾಕ ಇಪ್ಪತ್ತು ನಿಮಿಷ ಒದ್ದಾಡಬೇಕು, ಅದಕ್ಕ ಹುಡುಗರು ಬಾಗಲದ ಸಂದಿನಿಂದ ಹೊರಗ ತರ್ತಾರ. ಒಂದು ವರ್ಷಕ್ಕ ಕತ್ತರಿಸಿದಂಗ ಕಟ್ಟಾಗ್ತೈತಿ. ನಾವು ಮಾಡಿದ್ದು ಹತ್ತು ವರ್ಷ ನಿಂತಾವ್ರಿ.

ಫ್ಯೂಸ್ ಹದಿನೈದು

ಹತ್ತು ವರ್ಷ ನಿಲ್ಲೋ ಕೆಲಸ ಮಾಡೋರು ಸಿಕ್ಕಿದ್ರೆ ನಾನ್ಯಾಕೆ 7,750 ಕಳ್ಕೋತಿದ್ದೆ ಸ್ವಾಮಿ. ಗ್ರಾಮೆಟ್ ಒಳಗೇ ತಂದಿದ್ರು, ಆದ್ರೂ ಎರಡನೇ ವರ್ಷ ಹಿಂದಿನ ಎಡ ಬಾಗಿಲು ಸತ್ತಿತು. ಕೊನೆಗೆ ಬೆಸುಗೆ ಹಾಕಿ ಸ್ಲೀವ್ ಏರಿಸಿದ ಮೇಲೇ ಗಟ್ಟಿಯಾಗಿದ್ದು. ಬರೀ ಹೊಸೆದು ಟೇಪ್ ಸುತ್ತೋದು ಕೆಲಸವೇ ಅಲ್ಲ.

ಹುಬ್ಳಿ ವೈರಿಂಗ್

ಟೇಪ್ ಸುತ್ತು ಅಂತ ಯಾರು ಅಂದ್ರು? ಗ್ರಾಮೆಟ್ ಒಳಗ ಬೆಸುಗಿ ಹಾಕಿದ್ರಿ ಅಂದ್ರ ನಿಮಗ ಮತ್ತೊಂದು ಬಿಲ್ ಕಾಯ್ಲಿಕತ್ತೈತಿ. ಸೀಸ ಎಳೆಗಳ ಒಳಗ ಏರಿ ವೈರು ಕಡ್ಡಿ ಆಗ್ತೈತಿ. ಮಡಚೋ ಜಾಗದಾಗ ಕಡ್ಡಿ ಇದ್ರ ಅದರ ಅಂಚಿಗೇ ಮುರೀತೈತಿ. ಕ್ರಿಂಪ್ ಮಾಡ್ರಿ, ಅಂದ್ರ ಲೋಹದ ಕೊಳವಿಯೊಳಗ ವೈರು ಇಟ್ಟು ಇಕ್ಕಳದಾಗ ಒತ್ರಿ.

ಫ್ಯೂಸ್ ಹದಿನೈದು

ಸರಿಯಾದ ಇಕ್ಕಳ ಇಲ್ದೆ, ಹಲ್ಲಲ್ಲಿ ಕಚ್ಚಿದ ಹಾಗೆ ಮಾಡಿದ ಕ್ರಿಂಪು ಎಳೆದ್ರೆ ಕೈಗೆ ಬರುತ್ತೆ. ನೋಡಿದ್ದೀನಿ.

ಹುಬ್ಳಿ ವೈರಿಂಗ್

ಇಕ್ಕಳ ಇಲ್ದವರ ಹತ್ರ ಹೋದ್ರ ಹಂಗ. ಜೋಡಣೆ ಬೆಸುಗಿ ಇರಲಿ ಕ್ರಿಂಪ್ ಇರಲಿ, ಗ್ರಾಮೆಟ್ಟಿಂದ ನಾಲ್ಕು ಬೆರಳು ದೂರ, ಬಾಗಲದ ಒಳಗೊಂದು ಕಂಬದ ಒಳಗೊಂದು. ನಡುವ ಗಂಟಿಲ್ಲದ ಒಂದೇ ವೈರು, ಸಣ್ಣ ಎಳೆಯ ಮೆತ್ತನ್ನದು. ಮುರದೈತೋ ಇಲ್ಲೋ ನೋಡಾಕ ಬಾಗಲ ಪೂರ್ತಿ ತಗದು, ಅರ್ಧ ತಗದು, ಎರಡೂ ಸಲ ರಿಮೋಟ್ ಒತ್ರಿ. ಒಂದರಾಗ ಕೆಲಸ ಮಾಡಿ ಇನ್ನೊಂದರಾಗ ಇಲ್ಲಂದ್ರ ಗ್ರಾಮೆಟ್ಟೇ. ಮೀಟರ್ ಇದ್ರೂ ಆಕ್ಚುಯೇಟರ್ ಕನೆಕ್ಟರಿಗೆ ಟೆಸ್ಟ್ ಬಲ್ಬ್ ಹಚ್ಚಿ ನೋಡ್ರಿ, ಅರ್ಧ ಸೆಕೆಂಡಿನ ಹೊಡ್ತ ಡಿಜಿಟಲ್ ಮೀಟರಿಗೆ ಸಿಗಂಗಿಲ್ಲ.

ಫ್ಯೂಸ್ ಹದಿನೈದು

ನಾಲ್ಕು ಬೆರಳು ದೂರ ಅಂತ ಮೊದಲೇ ಹೇಳಿದ್ರೆ ಜಗಳ ಯಾಕಾಗ್ತಿತ್ತು.

ಜಂಪಿಂಗ್ ಕೋಡ್ (ಶಿವಮೊಗ್ಗ)

ವೈರಿನ ಜಗಳ ಮುಗಿದಿದ್ದರೆ ರಿಮೋಟ್ ಬಗ್ಗೆ ಹೇಳ್ತೇನೆ. 1,800ರ ಕಿಟ್ಟಿಗೂ 3,400ರ ಕಿಟ್ಟಿಗೂ ನಿಜವಾದ ವ್ಯತ್ಯಾಸ ಅಲ್ಲೇ ಇರೋದು, ಹೆಚ್ಚು ಕೊಟ್ಟಿದ್ದಕ್ಕೆ ಇವತ್ತಿಗೂ ಪಶ್ಚಾತ್ತಾಪ ಇಲ್ಲ. ಅಗ್ಗದ ರಿಮೋಟು 433.92 ಮೆಗಾಹರ್ಟ್ಸ್‌ನಲ್ಲಿ ಪ್ರತಿ ಸಲವೂ ಅದೇ ಸಂಖ್ಯೆ ಕೂಗುತ್ತೆ. ಗೇಟಿಗೆ ಬಳಸೋ ನಕಲು ರಿಮೋಟನ್ನು ಎದುರುಬದುರು ಹಿಡಿದು ಗುಂಡಿ ಒತ್ತಿದರೆ ಮುಗೀತು, ಅದೂ ನಿಮ್ಮ ಕೀಲಿಯೇ. ರೋಲಿಂಗ್ ಕೋಡ್ ಇದ್ದರೆ ಪ್ರತಿ ಒತ್ತಿಗೂ ಸಂಖ್ಯೆ ಮುಂದೆ ಹೋಗುತ್ತೆ, ಹಳೆಯದನ್ನು ಬಾಕ್ಸ್ ಒಪ್ಪಲ್ಲ. ಕೀಲಾಕ್ (KeeLoq) ಅನ್ನೋ ಬಗೆಯ ರೋಲಿಂಗ್ ಕೋಡಿನಲ್ಲಿ ಮುಂದಿನ 16 ಸಂಖ್ಯೆಯೊಳಗೆ ಬಂದರೆ ತಕ್ಷಣ ತೆಗೆಯುತ್ತೆ. ಮಕ್ಕಳು ಮನೆಯಲ್ಲಿ ಕೂತು ಇಪ್ಪತ್ತು ಮೂವತ್ತು ಸಲ ಒತ್ತಿದ್ದರೆ ಮೊದಲ ಒತ್ತಿಗೆ ಅಲುಗಾಡಲ್ಲ, ಸಾಲಾಗಿ ಎರಡು ಸಲ ಒತ್ತಬೇಕು, ತಾನೇ ಹೊಂದಿಕೊಳ್ಳುತ್ತೆ. ಅಷ್ಟಕ್ಕೇ "ಕೋಡಿಂಗ್ ಹೋಗಿದೆ" ಅಂತ 500 ಕಿತ್ತವರಿದ್ದಾರೆ.

ಇನ್ನೊಂದು, ಬಾಕ್ಸಿಂದ ಬಾಲದ ಹಾಗೆ ಒಂದು ಒಂಟಿ ವೈರು ಹೊರಗೆ ನೇತಾಡುತ್ತೆ, ಎಲ್ಲಿಗೂ ಸೇರಿರಲ್ಲ. ಅದು ಆಂಟೆನಾ. 17 ಸೆಂಟಿಮೀಟರ್ ಚಿಲ್ಲರೆ, ಆ ತರಂಗದ ಕಾಲು ಭಾಗ. ಮಿಕ್ಕ ವೈರಿನ ಜೊತೆ ಸುರುಳಿ ಸುತ್ತಿ ಟೇಪ್ ಹಾಕಿಬಿಡ್ತಾರೆ, ಇಲ್ಲಾ ಉದ್ದ ಅಂತ ಕತ್ತರಿಸ್ತಾರೆ. ಆಮೇಲೆ ಗಾಡಿ ಪಕ್ಕ ನಿಂತು ಒತ್ತಿದರೆ ಮಾತ್ರ ತೆಗೆಯುತ್ತೆ. ನೇರವಾಗಿ, ಲೋಹದಿಂದ ದೂರ, ಡ್ಯಾಶ್‌ಬೋರ್ಡ್ ಪ್ಲಾಸ್ಟಿಕ್ಕಿನ ಒಳಮೈಗೆ ಅಂಟಿಸಿದ ಮೇಲೆ ಎರಡನೇ ಮಹಡಿಯಿಂದ ಕೆಲಸ ಮಾಡ್ತಿದೆ.

ಕಡಲ ಗಾಳಿ

ರಸ್ತೆ ಬದಿಯ 2012ರ ಗಾಡಿಗೆ ರೇಡಿಯೋ ಹಿಡಿದುಕೊಂಡು ಯಾವ ಕಳ್ಳ ಬರುತ್ತಾನೆ? ಕಲ್ಲು ಹಿಡಿದುಕೊಂಡು ಬರುತ್ತಾನೆ. ಅದಕ್ಕೆ 1,600 ಹೆಚ್ಚು ಕೊಟ್ಟಿದ್ದೀರಿ.

ಜಂಪಿಂಗ್ ಕೋಡ್

ಕಲ್ಲು ಹಿಡಿದು ಬಂದವನಿಗೇ ನಿಮ್ಮ "ಲಾಕ್ ಸಾಕು, ಅಲಾರಂ ಬೇಡ" ಅನ್ನೋ ಸಲಹೆ ಹಬ್ಬ ಅಲ್ವಾ? ಒಂದು ಗಾಜು ಒಡೆದು ಡ್ರೈವರ್ ನಾಬ್ ಎತ್ತಿದರೆ ಐದು ವೈರಿನ ಆಕ್ಚುಯೇಟರ್ ನಾಲ್ಕೂ ಬಾಗಿಲು ತಾನೇ ತೆಗೆದುಕೊಡುತ್ತೆ. ಮೊದಲು ಒಂದೊಂದಾಗಿ ಎತ್ತಬೇಕಿತ್ತು. ಗಾಜು ಒಡೆದದ್ದು ಬಾಗಿಲ ಸ್ವಿಚ್ಚಿಗೆ ಗೊತ್ತಾಗಲ್ಲ, ಶಾಕ್ ಸೆನ್ಸರಿಗೆ ಮಾತ್ರ ಗೊತ್ತಾಗೋದು. ನೀವು ಎಡಕ್ಕೆ ತಿರುಗಿಸಿ ಮಲಗಿಸಿದ್ದೀರಲ್ಲ, ಅದೇ ಸೆನ್ಸರಿಗೆ.

ಕಡಲ ಗಾಳಿ

ಮಲಗಿಸಿದ್ದಲ್ಲ, ಹದ ಮಾಡಿದ್ದು. ಓದಿ ಮಾತಾಡಿ.

ಪಾಲಿಸಿ ಪುಟ (ಬೆಂಗಳೂರು)

ನಾಬ್ ಎತ್ತಿದರೆ ತೆಗೆಯುತ್ತೆ ಅನ್ನೋದನ್ನ ದೋಷ ಅಂತ ಹೇಳಬೇಡಿ. ಗಾಡಿ ನೀರಿಗೆ ಬಿದ್ದರೆ, ಬೆಂಕಿ ಹತ್ತಿದರೆ, ಕರೆಂಟ್ ಹೋದಾಗ ಒಳಗಿದ್ದವರು ಹೊರಬರೋಕೆ ಅದೇ ದಾರಿ. 2019ರ ಜುಲೈ 1ರಿಂದ ಹೊಸ ಕಾರುಗಳ ಸೆಂಟ್ರಲ್ ಲಾಕ್‌ಗೆ ಕೈಯಲ್ಲಿ ತೆಗೆಯೋ ವ್ಯವಸ್ಥೆ ಕಡ್ಡಾಯ ಆಗಿದೆ. ಹೊರಗಿನ ಕಿಟ್ ಹಾಕಿಸಿದವರು ನಾಬ್ ಕತ್ತರಿಸಿ ಗಿಡ್ಡ ಮಾಡಿಸ್ತಾರೆ, ಕಳ್ಳ ತಂತಿ ಹಾಕಿ ಎಳೀಬಾರದು ಅಂತ. ದಯವಿಟ್ಟು ಬೇಡ.

ವಿಮೆಯಲ್ಲಿ ರಿಯಾಯಿತಿ ಸಿಗುತ್ತೆ ಅಂತ ಅಂಗಡಿಯವರು ಹೇಳಿದ್ರೆ ಬಿಲ್ ಮೇಲೆ ಬರೆಸಿಕೊಳ್ಳಿ. ಹಳೇ ಟಾರಿಫ್ ಪ್ರಕಾರ ಸ್ವಂತ ಹಾನಿ ಪ್ರೀಮಿಯಂನಲ್ಲಿ 2.5 ಶೇಕಡ, ಅದೂ 500 ರೂಪಾಯಿ ಮೀರದ ಹಾಗೆ, ಅದೂ ಎಆರ್‌ಎಐ (ವಾಹನ ಪರೀಕ್ಷೆ ಮಾಡೋ ಸಂಸ್ಥೆ) ಒಪ್ಪಿದ ಸಾಧನ ಆದ್ರೆ ಮಾತ್ರ. ಈ ಕಿಟ್‌ಗಳಲ್ಲಿ ಹೆಚ್ಚಿನವಕ್ಕೆ ಆ ಸರ್ಟಿಫಿಕೇಟ್ ಇರಲ್ಲ. 2012ರ ಗಾಡಿಯ ಸ್ವಂತ ಹಾನಿ ಪ್ರೀಮಿಯಂ 3,000 ಅಂದ್ಕೊಂಡ್ರೂ 75 ರೂಪಾಯಿ. ಒಂದು ಮಸಾಲೆ ದೋಸೆ.

ಮತ್ತೆ ಫ್ಲಿಪ್ ಕೀ ಕೊಡ್ತಾರಲ್ಲ, ಅದರ ಅಲಗು ಕೆತ್ತಿರಲ್ಲ, ಬರೀ ತಗಡು. ಕೆತ್ತಿಸಿ, ಬಾಗಿಲಿಗೆ ಹಾಕಿ ತಿರುಗಿಸಿ ನೋಡಿ. ರಿಮೋಟ್ ಸತ್ತ ದಿನ ಕೀಲಿಯಲ್ಲಿ ತೆಗೆದರೆ ಸೈರನ್ ಕೂಗುತ್ತೆ, ಸ್ಟಾರ್ಟರೂ ಕಟ್ ಆಗಿರುತ್ತೆ. ಅಲಾರಂ ಸುಮ್ಮನಾಗಿಸೋ ಗುಪ್ತ ವ್ಯಾಲೆ ಸ್ವಿಚ್ ಎಲ್ಲಿಟ್ಟಿದ್ದಾರೆ, ಇಗ್ನಿಷನ್ ಆನ್ ಮಾಡಿ ಎಷ್ಟು ಹೊತ್ತು ಒತ್ತಬೇಕು, ಅಂಗಡಿ ಬಿಡೋ ಮೊದಲು ನಿಮ್ಮ ಕೈಯಲ್ಲೇ ಮಾಡಿ ನೋಡಿ.

ಕಡಲ ಗಾಳಿ

ಬಾಗಿಲ ಕೀಲಿ ತೂತು ವರ್ಷಗಟ್ಟಲೆ ಬಳಸದೆ ಜಾಮ್ ಆಗಿರುತ್ತದೆ, ಡಬ್ಲ್ಯೂಡಿ-40 ಹೊಡೆದಿಡಿ.

ಹುಬ್ಳಿ ವೈರಿಂಗ್

ಬ್ಯಾಡ್ರಿ! ಅದು ಇದ್ದ ಗ್ರೀಸ್ ತೊಳದು ಹೋಗ್ತೈತಿ, ನಾಲ್ಕು ವಾರ ನುಣ್ಣಗ, ಆಮ್ಯಾಲೆ ಧೂಳು ಹಿಡದು ಮೊದಲಿಗಿಂತ ಬಿಗಿ. ಕೀಲಿ ತೂತಿಗೆ ಗ್ರ್ಯಾಫೈಟ್ ಪುಡಿ, ಲ್ಯಾಚಿಗೆ ಬಿಳಿ ಲಿಥಿಯಂ ಗ್ರೀಸ್.

ಕಡಲ ಗಾಳಿ

ನಮ್ಮಲ್ಲಿ ಗ್ರ್ಯಾಫೈಟ್ ಮಳೆಗಾಲದಲ್ಲಿ ಕೆಸರಾಗುತ್ತದೆ. ಹುಬ್ಬಳ್ಳಿಯ ಧೂಳಿನ ಶಾಸ್ತ್ರ ಕರಾವಳಿಗೆ ಹೇಳಬೇಡಿ.

ಫ್ಯೂಸ್ ಹದಿನೈದು

ಸಿಲಿಕೋನ್ ಸ್ಪ್ರೇ ಅಂತ ಒಂದಿದೆ, ಇಬ್ಬರೂ ಕೇಳಿಲ್ಲ ಅನ್ಸುತ್ತೆ.

ನಾಬ್ ಒತ್ತುವವ

ಎಲ್ಲರಿಗೂ ಧನ್ಯವಾದ. ಆದ್ರೆ 4,200 ಜಾಸ್ತಿನಾ ಕಮ್ಮಿನಾ ಅಂತ ಯಾರೂ ಹೇಳಲಿಲ್ಲ.

ಹುಬ್ಳಿ ವೈರಿಂಗ್

ಗ್ರಾಮೆಟ್ ಒಳಗಿಂದ ತಂದ್ರ ಕಮ್ಮಿ, ಸಂದಿನಿಂದ ತಂದ್ರ ಜಾಸ್ತಿ.