ಒಂಬತ್ತನೇ ತರಗತಿಗೆ ಹೊಲೊಕಾಸ್ಟ್ ಪಾಠ: ಆ ಫೋಟೋಗಳನ್ನು ತೋರಿಸಬೇಕಾ?

ಪ್ರಶ್ನೆ (ಇತಿಹಾಸದ ಮಿಸ್)

ಮುಂದಿನ ವಾರ ಹೊಲೊಕಾಸ್ಟ್ ಪಾಠ. ಸಿಗೋದು ಎರಡೇ ಪೀರಿಯಡ್. ಹಿಟ್ಲರನ ನಾಜಿ ಆಡಳಿತ 60 ಲಕ್ಷ ಯಹೂದಿಗಳನ್ನು ಕೊಂದಿತು ಅಂದರೆ ಮಕ್ಕಳು ಬರೆದುಕೊಂಡು ಅಡಿಗೆರೆ ಎಳೆಯುತ್ತಾರೆ, ಮುಗೀತು. "ಹಿಟ್ಲರ್‌ಗೆ ಗುಂಡಿಗೆ ಇತ್ತು ಅಲ್ವಾ ಮಿಸ್" ಅನ್ನುವ ಹುಡುಗ ಪ್ರತಿ ವರ್ಷ ಒಬ್ಬನಾದರೂ ಇರುತ್ತಾನೆ. ಹೆಣಗಳ ರಾಶಿಯ ಫೋಟೋ ತೋರಿಸಿ, ತೆಪ್ಪಗಾಗ್ತಾರೆ ಅಂತ ಒಬ್ಬ ಸಹೋದ್ಯೋಗಿ. ಅರ್ಧ ಮಕ್ಕಳಿಗೆ, ಆಗ ಯಹೂದಿಗಳು ಬಟ್ಟೆಗೆ ಹಚ್ಚಿಕೊಳ್ಳಲೇಬೇಕಿದ್ದ ಹಳದಿ ನಕ್ಷತ್ರ ಅಂಟಿಸಿ ನಾಟಕ ಆಡಿಸಿ ಅಂತ ಇನ್ನೊಬ್ಬರು. ಎರಡೂ ಯಾಕೋ ಮನಸ್ಸಿಗೆ ಒಪ್ಪುತ್ತಿಲ್ಲ. ನೀವೆಲ್ಲ ಹೇಗೆ ಮಾಡುತ್ತೀರಿ?

ನಿವೃತ್ತ ಮೇಷ್ಟ್ರು

ನಾಟಕ ಬೇಡವೇ ಬೇಡ ಮೇಡಂ. ವಾಷಿಂಗ್ಟನ್‌ನ ಹೊಲೊಕಾಸ್ಟ್ ಮ್ಯೂಸಿಯಂ ಕೂಡ ಶಿಕ್ಷಕರಿಗೆ ಇದನ್ನೇ ಹೇಳುತ್ತದೆ. ಸ್ವಲ್ಪ ಹೊತ್ತು ನಕ್ಷತ್ರ ಹಚ್ಚಿಕೊಂಡ ಮಗುವಿಗೆ ಅವರ ಪಾಡೆಲ್ಲ ಗೊತ್ತಾಯಿತು ಅನ್ನಿಸಿಬಿಡುತ್ತದೆ, ಇಲ್ಲಾಂದ್ರೆ ಅದೊಂದು ಆಟವಾಗುತ್ತದೆ. ಫೋಟೋ ನೋಡಿ ಸುಮ್ಮನಾಗುತ್ತಾರೆ, ನಿಜ. ಆದರೆ ಆ ಜನರನ್ನು ಮಕ್ಕಳು ಮೊದಲ ಸಲ ನೋಡೋದೇ ಹೆಣವಾಗಿ. ಅದು ನನಗೆ ಸರಿ ಕಾಣದು.

ನಾನು ಆದೇಶಗಳಿಂದ ಶುರು ಮಾಡುತ್ತಿದ್ದೆ. ಬರ್ಲಿನ್‌ನ ಬವೇರಿಯನ್ ಕ್ವಾರ್ಟರ್ ಬಡಾವಣೆಯ ದೀಪದ ಕಂಬಗಳಲ್ಲಿ 1993ರಿಂದ 80 ಫಲಕಗಳಿವೆ. ಒಂದು ಬದಿಗೆ ಬೆಂಚು, ಬ್ರೆಡ್ಡು, ಬೆಕ್ಕು, ಇಂಥ ಮುದ್ದಾದ ಚಿತ್ರ. ಇನ್ನೊಂದು ಬದಿಗೆ ನಾಜಿ ಕಾಲದ ಒಂದು ನಿಯಮ. ಬೆಕ್ಕಿನ ಹಿಂದೆ, ಯಹೂದಿಗಳು ಸಾಕುಪ್ರಾಣಿ ಇಟ್ಟುಕೊಳ್ಳಬಾರದು ಅನ್ನುವ 1942ರ ಆದೇಶ. ಬ್ರೆಡ್ಡಿನ ಹಿಂದೆ, ಅವರು ಸಂಜೆ 4ರಿಂದ 5ರವರೆಗೆ ಮಾತ್ರ ದಿನಸಿ ಕೊಳ್ಳಬೇಕು ಅನ್ನೋದು. ಚಿತ್ರ ತೋರಿಸಿ, ಹಿಂದೆ ಏನಿರಬಹುದು ಅಂತ ಕೇಳಿ. ಆಮೇಲೆ ವರ್ಷ ಜೋಡಿಸಿ. 1933ರಲ್ಲಿ ಸರ್ಕಾರಿ ಕೆಲಸ ಹೋಯಿತು. 1935ರಲ್ಲಿ ಪೌರತ್ವ. 1938ರಲ್ಲಿ ಮಕ್ಕಳನ್ನು ಶಾಲೆಯಿಂದ ಹೊರಗೆ ಹಾಕಿದರು. 1939ರಲ್ಲಿ ರೇಡಿಯೋ ಕಿತ್ತುಕೊಂಡರು. 1941ರಲ್ಲಿ ನಕ್ಷತ್ರ, ಅಷ್ಟರಲ್ಲಿ ಸೋವಿಯತ್ ನೆಲದಲ್ಲಿ ಊರೂರಿನಲ್ಲಿ ಗುಂಡಿಟ್ಟು ಕೊಲ್ಲೋದು ಶುರುವಾಗಿತ್ತು. ಹಾಜರಿ ಪುಸ್ತಕದಿಂದ ಆ ಮಕ್ಕಳ ಹೆಸರು ಹೊಡೆದದ್ದು ಯಾರು, ಖಾಲಿಯಾದ ಮನೆಗೆ ಬಂದು ಕೂತವರು ಯಾರು? ಈ ಪ್ರಶ್ನೆಗಳನ್ನು ಮಕ್ಕಳೇ ಕೇಳುತ್ತಾರೆ, ನೋಡ್ತಾ ಇರಿ.

ಗುಂಡಿಗೆ ಹುಡುಗನನ್ನು ಗದರಬೇಡಿ. ಅವನಿಗೆ ಪೋಲೆಂಡಿನ ವಾರ್ಸಾ ಘೆಟ್ಟೋದಲ್ಲಿ, ಅಂದರೆ ಯಹೂದಿಗಳನ್ನು ಕೂಡಿಹಾಕಿದ್ದ ಕೇರಿಯಲ್ಲಿ, ಇದ್ದ ಇತಿಹಾಸಕಾರ ಇಮ್ಯಾನುಯೆಲ್ ರಿಂಗೆಲ್‌ಬ್ಲಮ್ ಬಗ್ಗೆ ಹೇಳಿ. ಅವರ ಗುಂಪು ಡೈರಿ, ಪೋಸ್ಟರು, ರೇಷನ್ ಚೀಟಿ, ಮಿಠಾಯಿ ಸುತ್ತಿದ ಕಾಗದ ಸಹ ಗುಟ್ಟಾಗಿ ಕೂಡಿಟ್ಟು ತಗಡಿನ ಪೆಟ್ಟಿಗೆ, ಹಾಲಿನ ಕ್ಯಾನುಗಳಲ್ಲಿ ಹೂತಿಟ್ಟಿತು. ಹೂಳಲು ನೆರವಾದವರಲ್ಲಿ ದಾವಿದ್ ಗ್ರಾಬರ್‌ಗೆ ಬರೀ 19 ವರ್ಷ. ತನ್ನ ಉಯಿಲನ್ನೂ ಅದರಲ್ಲೇ ಇಟ್ಟ. ಒಂದು ಭಾಗ 1946ರಲ್ಲಿ, ಇನ್ನೊಂದು 1950ರಲ್ಲಿ ಸಿಕ್ಕಿತು. ಗುಂಡಿಗೆಯ ಮಾತು ಅಲ್ಲಿಂದ ಮುಂದುವರಿಯಲಿ.

ಇನ್ನೊಬ್ಬರು

"ಅವರು ಯಾಕೆ ಓಡಿಹೋಗಲಿಲ್ಲ?" ಗ್ಯಾರಂಟಿ ಬರೋ ಪ್ರಶ್ನೆ, ತಯಾರಿರಿ. ಯಹೂದಿ ನಿರಾಶ್ರಿತರಿಗೆ ಜಾಗ ಹುಡುಕೋಕೆ ಕರೆದ 1938ರ ಎವಿಯಾನ್ ಸಮ್ಮೇಳನಕ್ಕೆ 32 ದೇಶ ಬಂದವು, ಬಹುತೇಕ ಎಲ್ಲವೂ ಬಾಗಿಲು ಮುಚ್ಚಿಕೊಂಡೇ ಹೋದವು. 1939ರಲ್ಲಿ ಸೇಂಟ್ ಲೂಯಿಸ್ ಹಡಗಿನಲ್ಲಿ ಜರ್ಮನಿಯಿಂದ 900ಕ್ಕೂ ಜಾಸ್ತಿ ಜನ, ಬಹುತೇಕ ಯಹೂದಿಗಳು, ಹೊರಟರು. ಕ್ಯೂಬಾ ಬಹುತೇಕರನ್ನು ಇಳಿಸಲಿಲ್ಲ, ಅಮೆರಿಕ ಬಿಟ್ಟುಕೊಳ್ಳಲಿಲ್ಲ. ಯುರೋಪಿಗೆ ವಾಪಸಾದವರಲ್ಲಿ 254 ಜನ ಆಮೇಲೆ ಸತ್ತರು. ಓಡೋಕೆ ಜಾಗ ಎಲ್ಲಿತ್ತು?

ಇತಿಹಾಸದ ಮಿಸ್

ಇದು ಬಹಳ ಉಪಯೋಗಕ್ಕೆ ಬಂತು. ಜನವರಿ 27ರ ಹೊಲೊಕಾಸ್ಟ್ ಸ್ಮರಣ ದಿನಕ್ಕೆ ಏನು ಮಾಡೋದು? ಮೇಣದಬತ್ತಿ ಹಚ್ಚಿ ಭಾಷಣ ಮಾಡಿಸೋಕೆ ಇಷ್ಟ ಇಲ್ಲ.

ನಿವೃತ್ತ ಮೇಷ್ಟ್ರು

ಚರ್ಚೆಗೆ ಬಿಡಿ. ಗುಂಟರ್ ಡೆಮ್ನಿಗ್ ಅನ್ನೋ ಜರ್ಮನ್ ಕಲಾವಿದರು ಸತ್ತವರು ಕೊನೆಗೆ ತಮ್ಮಿಷ್ಟದಂತೆ ವಾಸವಿದ್ದ ಮನೆ ಮುಂದೆ, ಫುಟ್‌ಪಾತ್‌ನಲ್ಲೇ, ಹೆಸರು ಕೊರೆದ ಹಿತ್ತಾಳೆ ಹೊದಿಕೆಯ ಪುಟ್ಟ ಕಲ್ಲು ಕೂರಿಸುತ್ತಾರೆ. ಒಂದು ಲಕ್ಷ ದಾಟಿವೆ. ಆದರೆ ಮ್ಯೂನಿಕ್ ನಗರ ತನ್ನ ರಸ್ತೆಗಳಲ್ಲಿ ಇದಕ್ಕೆ ಅನುಮತಿ ಕೊಟ್ಟಿಲ್ಲ. ಹೆಸರುಗಳನ್ನು ಕಾಲಲ್ಲಿ ತುಳಿದಂತಾಗುತ್ತದೆ ಅಂತ ಅಲ್ಲಿನ ಯಹೂದಿ ಸಮುದಾಯದ ನಾಯಕಿ, ಸ್ವತಃ ಬದುಕುಳಿದ ಶಾರ್ಲಟ್ ಕ್ನೋಬ್ಲಾಖ್ ವಿರೋಧಿಸಿದರು. ಅಲ್ಲಿ ಗೋಡೆಗೆ ಫಲಕ ಹಾಕುತ್ತಾರೆ. ಯಾವುದು ಸರಿ ಅಂತ ಮಕ್ಕಳು ವಾದ ಮಾಡಲಿ. ತೀರ್ಪು ಕೊಡೋಕೆ ಮಾತ್ರ ಹೋಗಬೇಡಿ.

ಇತಿಹಾಸದ ಮಿಸ್

ಎರಡು ಪೀರಿಯಡ್ ಸಾಲಲ್ಲ ಸರ್. ಮೂರನೆಯದನ್ನು ಪಿಟಿ ಮೇಷ್ಟ್ರ ಹತ್ತಿರ ಕೇಳ್ತೀನಿ.